ವಂಶಕ್ಕೆ ರಕ್ತವೇ ಬೇಕೆ?

ರೋಣ, ನರಗುಂದ, ಗಜೇಂದ್ರಗಡದ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಇಂದಿಗೂ ಅಪರೂಪವಲ್ಲ. ಎರಿಹೊಲ ಹೊರಗಿನವರ ಪಾಲಾಗುವುದಿಲ್ಲ, ಕಳ್ಳುಬಳ್ಳಿ ಉಳಿಯುತ್ತದೆ ಎಂಬುದು ಹಿರಿಯರ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ರಕ್ತಸಂಬಂಧದೊಳಗೇ ಆದವು. ದೇಶದ ಸರಾಸರಿ 11. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲುಭಾಗ ಜೀನುಗಳು ಒಂದೇ. ತಲಸ್ಸೇಮಿಯಾದಂಥ ದೋಷ ಇಬ್ಬರಲ್ಲೂ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ತೀವ್ರ ತಲಸ್ಸೇಮಿಯಾದ ಮಗುವಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಅದಕ್ಕಾಗಿ ಕೂಲಿ ಬಿಟ್ಟು ಗದಗಕ್ಕೋ ಹುಬ್ಬಳ್ಳಿಗೋ ಬಸ್ಸು ಹತ್ತುವ ತಾಯಿಗೆ, ‘ಮುಂದಿನ ಮಗುವಿನ ಜೀನನ್ನು ಭ್ರೂಣದಲ್ಲೇ ತಿದ್ದಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಆಕೆ ಬೇಡವೆನ್ನುವಳೆ?

ಆದ್ದರಿಂದ ಈ ಪ್ರಶ್ನೆಯನ್ನು ದೂರದ ಪ್ರಯೋಗಾಲಯದವರಿಗೆ ಬಿಟ್ಟು ಕೂರುವಂತಿಲ್ಲ. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟ, ಕ್ರಿಸ್ಪರ್ ಎಂಬ ಜೀನ್ ಕತ್ತರಿಯ ಚಿಕಿತ್ಸೆಯಲ್ಲಿ ಸಿಕಲ್ ಸೆಲ್ ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಒಳಿತೋ ಕೆಡುಕೋ, ಆ ರೋಗಿಯೊಂದಿಗೇ ಮುಗಿಯಿತು. ಆದರೆ ಭ್ರೂಣದಲ್ಲಿ ಮಾಡಿದ ತಿದ್ದುಪಡಿ ಮಕ್ಕಳು, ಮೊಮ್ಮಕ್ಕಳಿಗೂ ಇಳಿಯುತ್ತದೆ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ, ಎಚ್‌ಐವಿ ತಗಲದಿರಲೆಂದು ಜೀನು ತಿದ್ದಿದ ಅವಳಿ ಹೆಣ್ಣುಮಕ್ಕಳ ಜನನವನ್ನು ಘೋಷಿಸಿದರು. ಆ ಮಕ್ಕಳನ್ನು ಸೋಂಕಿನಿಂದ ಕಾಪಾಡಲು ಬೇರೆ ಸುರಕ್ಷಿತ ದಾರಿಗಳು ಆಗಲೇ ಇದ್ದವು. ಮರುವರ್ಷ ಅಲ್ಲಿನ ನ್ಯಾಯಾಲಯ ಆ ವಿಜ್ಞಾನಿಗೆ ಮೂರು ವರ್ಷ ಜೈಲು ವಿಧಿಸಿತು. ಶಿಕ್ಷೆಯ ಅವಧಿ ಮುಗಿದರೂ ಆ ಮಕ್ಕಳ ಮೈಯೊಳಗಿನ ಬದಲಾವಣೆ ಮುಗಿಯುವುದಿಲ್ಲ.

ದೋಷ ಹೊತ್ತ ದಂಪತಿಗೂ ಈಗಲೇ ದಾರಿಗಳಿವೆ. ಪ್ರನಾಳದಲ್ಲಿ ಬೆಳೆಸಿದ ಭ್ರೂಣಗಳನ್ನು ಪರೀಕ್ಷಿಸಿ ರೋಗವಿಲ್ಲದ್ದನ್ನು ಗರ್ಭಕ್ಕೆ ಸೇರಿಸಬಹುದು. ರೋಗವಿಲ್ಲದ ಭ್ರೂಣವೇ ದೊರೆಯಲಾರದ ದಂಪತಿಗಳು ತೀರ ಕಡಿಮೆ. ಅವರಿಗೂ ದತ್ತಕದಿಂದ ಮಗು ಪಡೆಯುವ ದಾರಿ ಮುಚ್ಚಿಲ್ಲ; ಮುಚ್ಚಿರುವುದು ತಮ್ಮದೇ ರಕ್ತದ ಮಗುವನ್ನು ಪಡೆಯುವ ದಾರಿ.

ಇಲ್ಲಿ ನರಗುಂದದ ಇತಿಹಾಸ ನಮಗೆ ಹೇಳುವುದೊಂದಿದೆ. ಅಲ್ಲಿನ ಸಂಸ್ಥಾನಿಕ ಬಾಬಾಸಾಹೇಬ ಭಾಸ್ಕರರಾವ್ ಭಾವೆ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ದತ್ತಕ ತೆಗೆದುಕೊಳ್ಳಲು ಬ್ರಿಟಿಷರು ಅನುಮತಿ ಕೊಡದೇ ಇದ್ದದ್ದು. ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಉರುಳಿತು. ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸಂಸ್ಥಾನದ ವಾರಸುದಾರಿಕೆಯ ಪ್ರಶ್ನೆ ಅದು, ನಿಜ. ಆದರೆ ಮತ್ತೊಬ್ಬರ ಹೊಟ್ಟೆಯಲ್ಲಿ ಹುಟ್ಟಿದವನೂ ಮನೆತನದ ದೀಪ ಹಚ್ಚಬಲ್ಲ, ಗದ್ದುಗೆ ಏರಬಲ್ಲ ಎಂಬ ನಂಬಿಕೆ ಅದರ ಹಿಂದಿತ್ತು. ಅದೇ ನೆಲದ ನಾವು ‘ನಮ್ಮದೇ ರಕ್ತ’ದ ಹಟಕ್ಕಾಗಿ, ಒಪ್ಪಿಗೆ ಕೇಳಲಾಗದ ತಲೆಮಾರುಗಳ ಮೈಮೇಲೆ ಪ್ರಯೋಗ ಮಾಡಿಸಬೇಕೆ? ಈ ಪತ್ರಿಕೆಯ ಉತ್ತರ: ಬೇಡ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಗಳೂ ಪೀಳಿಗೆಗೆ ಇಳಿಯುವ ಜೀನ್ ಚಿಕಿತ್ಸೆಯನ್ನು ನಿಷೇಧಿಸಿವೆ. ಆದರೆ ಮಾರ್ಗಸೂಚಿ ಶಾಸನವಲ್ಲ. ಶಾಸನವಿದ್ದರೂ ಏನಾಗಬಹುದೆಂದು ಭ್ರೂಣಲಿಂಗ ಪತ್ತೆಯ ವಿಷಯದಲ್ಲಿ ಕಂಡಿದ್ದೇವೆ. 1994ರ ಕಾಯ್ದೆ ಜಾರಿಯಲ್ಲಿದ್ದಾಗಲೇ, 2023ರಲ್ಲಿ ಬಯಲಾದ ಜಾಲವೊಂದು ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಸುತ್ತಿತ್ತು. ರೋಗ ಹುಡುಕಲು ಬಂದ ಯಂತ್ರ ಹೆಣ್ಣು ಹುಡುಕಿತು. ರೋಗದ ಹೆಸರಿನಲ್ಲಿ ಬರುವ ಜೀನ್ ಕತ್ತರಿ ನಾಳೆ ಮೈಬಣ್ಣ, ಎತ್ತರಗಳ ಕಡೆ ಹೊರಳುವುದಿಲ್ಲವೆಂದು ಯಾರು ಹೊಣೆ ನಿಲ್ಲುತ್ತಾರೆ?

ನಮ್ಮ ತಾಲ್ಲೂಕುಗಳಿಗೆ ಇಂದು ಬೇಕಾದದ್ದು ಅಗ್ಗದ ರಕ್ತಪರೀಕ್ಷೆ ಮತ್ತು ಸಂಕೋಚವಿಲ್ಲದ ಆಪ್ತಸಲಹೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಕಾರ ಇವನ್ನು ಒದಗಿಸಲಿ. ಓದುಗರಲ್ಲಿ ಒಂದು ವಿನಂತಿ: ಸಂಬಂಧದೊಳಗೆ ಮದುವೆ ಗೊತ್ತುಮಾಡುವವರು ಜಾತಕಕ್ಕಿಂತ ಮೊದಲು ಇಬ್ಬರ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಸಲಹೆ ಕೇಳಿ.