ಗಣಿತದ ಮೇಷ್ಟರ ಚದುರಂಗ

“ಹವ್ಯಾಸಕ್ಕೆ ವೇಳೆಯೆಲ್ಲಿ?” ಎಂಬುದು ಗೃಹಸ್ಥನ ನಿತ್ಯದ ಉದ್ಗಾರ. ಬೆಳಗಾದರೆ ಕಚೇರಿಯ ಧಾವಂತ. ಸಂಜೆಯಾದರೆ ತರಕಾರಿಯ ಚೀಲ, ಮಕ್ಕಳ ಪಾಠ, ಬಂದ ನೆಂಟರ ಉಪಚಾರ. ಎಲ್ಲ ಮುಗಿದು ಮಣೆಯ ಮೇಲೆ ಕಾಯಿ ಹೂಡುವ ಹೊತ್ತಿಗೆ ರೆಪ್ಪೆ ತೂಗುತ್ತಿರುತ್ತದೆ. ಕಾಲೇಜಿನ ದಿನಗಳಲ್ಲಿ ಆಸೆಯಿಂದ ಕೊಂಡ ಚದುರಂಗದ ಪುಸ್ತಕ ಕಪಾಟಿನ ಮೂಲೆಯಲ್ಲಿ ಧೂಳು ಹಿಡಿಯುತ್ತದೆ. ನಿವೃತ್ತಿಯಾದ ಮೇಲೆ ನೋಡಿಕೊಂಡರಾಯಿತೆಂಬ ಸಮಾಧಾನವೊಂದೇ ಉಳಿಯುತ್ತದೆ.

ಈ ಸಮಾಧಾನವನ್ನು ಒಪ್ಪದ ಗೃಹಸ್ಥರೊಬ್ಬರು ಹಾಲೆಂಡಿನಲ್ಲಿದ್ದರು. 1901ರಲ್ಲಿ ಜನಿಸಿದ ಮ್ಯಾಕ್ಸ್ ಯೂವೆಯವರು 1926ರಲ್ಲಿ ಗಣಿತದ ಡಾಕ್ಟರೇಟ್ ಪಡೆದರು. ಅದೇ ವರ್ಷ ವಿವಾಹವೂ ಆಯಿತು. ಮುಂದೆ ಮೂವರು ಹೆಣ್ಣುಮಕ್ಕಳ ತಂದೆಯಾದರು. ಆಮ್‌ಸ್ಟರ್‌ಡ್ಯಾಮಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವುದು ಅವರ ಜೀವನೋಪಾಯ. ದೊಡ್ಡ ಪಂದ್ಯಗಳಿಗೆ ಹೋಗಬೇಕಾದರೆ ಶಾಲೆಯ ರಜೆಯನ್ನೇ ಕಾಯಬೇಕು. ಆದರೂ ವೃತ್ತಿ ಮತ್ತು ಹವ್ಯಾಸ ಅವರಲ್ಲಿ ಸವತಿಯರಂತೆ ಕಾದಾಡಲಿಲ್ಲ. ಒಂದೇ ನಡೆಗಳ ಸರಣಿ ಒಂದರ ಹಿಂದೊಂದರಂತೆ ಮೂರು ಬಾರಿ ಬಂದರೆ ಆಟ ಸಮವೆಂಬ ನಿಯಮವಿದ್ದರೂ, ಚದುರಂಗ ಕೊನೆಯಿಲ್ಲದೆ ಸಾಗಬಲ್ಲದೆಂದು 1929ರಲ್ಲಿ ಅವರು ಗಣಿತದ ಮೂಲಕವೇ ಸಿದ್ಧಪಡಿಸಿದರು.

1935ರಲ್ಲಿ ಈ ಮೇಷ್ಟರು ವಿಶ್ವವಿಜೇತ ಅಲೆಕ್ಸಾಂಡರ್ ಅಲೆಖಿನ್ನರೆದುರು ಕುಳಿತರು. ಅಲೆಖಿನ್ನರಿಗೆ ಚದುರಂಗವೇ ಬಾಳು. 1927ರಿಂದ ಪಟ್ಟ ಅವರದೇ. ಒಂಬತ್ತು ಆಟಗಳು ಮುಗಿದಾಗ ಯೂವೆ 3 ಅಂಕ, ಅಲೆಖಿನ್ 6. ಅಲ್ಲಿಗೆ ಕೈಚೆಲ್ಲಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಮೇಷ್ಟರು ಕೈಚೆಲ್ಲಲಿಲ್ಲ, ಹದಿನಾಲ್ಕನೆಯ ಆಟದ ಹೊತ್ತಿಗೆ ಅಂಕಗಳು ಸಮನಾದವು. ಜಾಂಡ್‌ಫೋರ್ಟಿನಲ್ಲಿ ನಡೆದ ಇಪ್ಪತ್ತಾರನೆಯ ಆಟದಲ್ಲಿ ಅವರು ದೊಡ್ಡ ಕಾಯಿಯೊಂದನ್ನು ತೆತ್ತು ಕಾಲಾಳುಗಳನ್ನು ಗಳಿಸಿ, ಆ ಕಾಲಾಳುಗಳನ್ನೇ ಮುನ್ನಡೆಸಿ ಗೆದ್ದರು. ಡಿಸೆಂಬರ್ 15ರಂದು 30 ಆಟಗಳು ಮುಗಿದಾಗ ಫಲಿತಾಂಶ ಹದಿನೈದೂವರೆ–ಹದಿನಾಲ್ಕೂವರೆ. ಪಟ್ಟ ಶಾಲಾ ಮೇಷ್ಟರಿಗೆ!

ಕಥೆ ಇಲ್ಲಿಗೇ ನಿಂತಿದ್ದರೆ ಅದು ಬರಿಯ ಅದೃಷ್ಟದ ಕಥೆಯಾಗುತ್ತಿತ್ತು. ಸೋತವರಿಗೆ ಮರುಪಂದ್ಯದ ಅವಕಾಶ ಕೊಟ್ಟು, 1937ರಲ್ಲಿ ಯೂವೆ ಪಟ್ಟವನ್ನು ಕಳೆದುಕೊಂಡರು. 1948ರ ವಿಶ್ವಪಟ್ಟದ ಸ್ಪರ್ಧೆಯಲ್ಲಿ ಐವರಲ್ಲಿ ಕೊನೆಯವರಾದರು. ಬಿಡುವಿನ ವೇಳೆಯ ಸಾಧನೆ ಕಿರೀಟವನ್ನು ತಂದೀತು. ಅದನ್ನು ಉಳಿಸಿಕೊಡುತ್ತದೆಂಬ ಭರವಸೆಯಿಲ್ಲ. ಆದರೆ ಪಟ್ಟ ಹೋದರೂ ಕಲಿಕೆ ಹೋಗಲಿಲ್ಲ. ತಾವು ತಿಳಿದುದನ್ನು ಅವರು ಪುಸ್ತಕಗಳಲ್ಲಿ ಬರೆದು ಹಂಚಿದರು. ಐವತ್ತು ದಾಟಿದ ಮೇಲೆ ಗಣಕಯಂತ್ರವೆಂಬ ಹೊಸ ವಿದ್ಯೆಗೆ ಕೈಹಾಕಿ, 1964ರಲ್ಲಿ ಆ ವಿಷಯದ ಪ್ರಾಧ್ಯಾಪಕರಾದರು. 1970ರಿಂದ 1978ರವರೆಗೆ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟದ ಅಧ್ಯಕ್ಷತೆಯನ್ನೂ ವಹಿಸಿದರು. 1981ರಲ್ಲಿ ತೀರಿಕೊಳ್ಳುವವರೆಗೆ ಅವರ ಬಾಳಿನಲ್ಲಿ ವಿದ್ಯೆ ಬೇರೆ, ಸಂಸಾರ ಬೇರೆ ಎಂಬ ಗೋಡೆ ಏಳಲಿಲ್ಲ.

ಎಲ್ಲರೂ ಯೂವೆಗಳಾಗಲಾರರು, ಆಗಬೇಕಾದುದೂ ಇಲ್ಲ. ದಿನಕ್ಕೆ ಅರ್ಧ ಗಂಟೆ, ಒಂದೇ ಒಂದು ಆಟ, ಅದರಲ್ಲಿಯೂ ತಾನು ಸೋತ ಆಟ, ಎಲ್ಲಿ ತಪ್ಪಿತೆಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು: ಸ್ವಂತ ಕಲಿಕೆಗೆ ಇದಕ್ಕಿಂತ ಹೆಚ್ಚಿನ ಬಂಡವಾಳ ಬೇಡ. ಗುರುವಿಲ್ಲದ ಮನೆಯಲ್ಲಿ ಸೋಲೇ ಗುರು.

ಆದರೆ ಒಂದು ಮಾತನ್ನು ಮರೆಯಬಾರದು. ಗೃಹಸ್ಥನ ಬಿಡುವಿನ ಗಳಿಗೆ ಆಕಾಶದಿಂದ ಉದುರುವುದಿಲ್ಲ. ಆತನು ಮಣೆಯ ಮುಂದೆ ಕುಳಿತಾಗ ಅಡಿಗೆಮನೆಯಲ್ಲಿ ಪಾತ್ರೆ ಬೆಳಗುವ ಕೈ ಇನ್ನೊಬ್ಬರದು. ಅಳುವ ಮಗುವನ್ನು ಎತ್ತಿಕೊಂಡ ತೋಳು ಇನ್ನೊಬ್ಬರದು. ಆ ಅರ್ಧ ಗಂಟೆ ಮನೆಯಾಕೆ ಕೊಟ್ಟ ಸಾಲ. ಆಕೆಯ ವೀಣೆಗೋ ಓದಿಗೋ ಮರುದಿನ ಅಷ್ಟೇ ಹೊತ್ತನ್ನು ಬಿಟ್ಟುಕೊಟ್ಟು ಅದನ್ನು ತೀರಿಸುವುದು ನ್ಯಾಯ. ಮಗುವಿನ ಹೊಣೆ ಅಂದು ತಂದೆಯದಾಗಲಿ. ಕುದುರೆ ಹೇಗೆ ನಡೆಯುತ್ತದೆಂದು ಮಗಳು ಕೇಳಿದರೆ, ಅಂದಿನ ಪಾಠವೂ ಅಲ್ಲಿಂದಲೇ ಆರಂಭವಾಗಲಿ.