ಲಾಭಾಂಶ ಯಾರ ಪಾಲಿಗೆ? ಒಂದು ದಿನದ ಅಂತರದ ಲೆಕ್ಕಾಚಾರ

ಪಾಂಡವಪುರ ತಾಲ್ಲೂಕಿನ ಚಿನಕುರಳಿಯಂಥ ಊರುಗಳಲ್ಲಿ ಬೋನಸ್ ಎಂದರೆ ಮೊದಲು ನೆನಪಾಗುವುದು ಹಾಲಿನ ಡೇರಿ. ವರ್ಷವಿಡೀ ಯಾರು ಎಷ್ಟು ಹಾಲು ಹಾಕಿದರೋ ಅದಕ್ಕೆ ತಕ್ಕಂತೆ ಸಂಘದ ಲಾಭದಲ್ಲಿ ಪಾಲು. ಷೇರುಪೇಟೆಯ ಲಾಭಾಂಶಕ್ಕೆ ಈ ನ್ಯಾಯ ಅನ್ವಯಿಸದು. ಹತ್ತು ವರ್ಷ ಷೇರು ಇಟ್ಟುಕೊಂಡವರಿಗೂ ನಿನ್ನೆಯಷ್ಟೇ ಕೊಂಡವರಿಗೂ ಒಂದೇ ದರ. ಗೊತ್ತುಪಡಿಸಿದ ದಿನದ ಅಂತ್ಯಕ್ಕೆ ಷೇರು ಖಾತೆಯಲ್ಲಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಮೊಬೈಲಿನಲ್ಲೇ ಡಿಮ್ಯಾಟ್ ಖಾತೆ ತೆರೆದು ಪೇಟೆಗೆ ಇಳಿಯುವ ಹೊಸಬರು ಎಡವುವುದು ಇಲ್ಲಿಯೇ.

ಬೆಂಗಳೂರಿನ ಇನ್ಫೋಸಿಸ್‌ನ ಉದಾಹರಣೆ ನೋಡಬಹುದು. 2024-25ನೇ ಸಾಲಿಗೆ ಪ್ರತಿ ಷೇರಿಗೆ 22 ರೂಪಾಯಿ ಅಂತಿಮ ಲಾಭಾಂಶ ನೀಡಲು ಕಂಪನಿಯ ಆಡಳಿತ ಮಂಡಳಿ 2025ರ ಏಪ್ರಿಲ್ 17ರಂದು ಶಿಫಾರಸು ಮಾಡಿತು. ಮೇ 30ನ್ನು ದಾಖಲೆ ದಿನ, ಅಂದರೆ ರೆಕಾರ್ಡ್ ಡೇಟ್ ಎಂದು ಗೊತ್ತುಪಡಿಸಲಾಯಿತು. ಜೂನ್ 25ರ ವಾರ್ಷಿಕ ಮಹಾಸಭೆಯ ಒಪ್ಪಿಗೆಯ ನಂತರ ಹಣ ಪಾವತಿಗೆ ನಿಗದಿಯಾದ ದಿನ ಜೂನ್ 30. ನಾಲ್ಕು ದಿನಾಂಕಗಳ ಪೈಕಿ ಹಣ ಯಾರಿಗೆ ಎಂಬುದನ್ನು ತೀರ್ಮಾನಿಸಿದ್ದು ಮೇ 30 ಮಾತ್ರ.

ಮೇ 30 ಶುಕ್ರವಾರ. ಗುರುವಾರ ಕೊಂಡ ಷೇರು ಮರುದಿನ ಖಾತೆಗೆ ಬರುತ್ತದೆ, ಲಾಭಾಂಶವೂ ಸಿಗುತ್ತದೆ. ಶುಕ್ರವಾರವೇ ಕೊಂಡರೆ ಷೇರು ಖಾತೆಗೆ ಸೇರುವುದು ಸೋಮವಾರ. ಆ ಹೊತ್ತಿಗೆ ಪಟ್ಟಿ ಮುಗಿದಿರುತ್ತದೆ. ಶುಕ್ರವಾರ ಷೇರು ಮಾರಿದವರಿಗೆ ಮಾತ್ರ ಲಾಭಾಂಶ ತಪ್ಪದು! ಹೀಗೆ ಲಾಭಾಂಶದ ಹಕ್ಕಿಲ್ಲದೆ ಷೇರು ಕೈಬದಲಾಗುವ ಮೊದಲ ದಿನವೇ 'ಎಕ್ಸ್ ಡೇಟ್'. 2023ರ ಜನವರಿ 27ರಿಂದ ವಹಿವಾಟು ಮರುದಿನವೇ ಇತ್ಯರ್ಥವಾಗುವ ಪದ್ಧತಿ ಪೂರ್ಣವಾಗಿ ಜಾರಿಗೆ ಬಂದ ಮೇಲೆ ಎಕ್ಸ್ ಡೇಟ್ ಹಾಗೂ ದಾಖಲೆ ದಿನ ಸಾಮಾನ್ಯವಾಗಿ ಒಂದೇ ಆಗಿವೆ. ಅದಕ್ಕೂ ಮುಂಚೆ ಎರಡರ ನಡುವೆ ಒಂದು ವಹಿವಾಟು ದಿನದ ಅಂತರವಿತ್ತು. ಹಳೆಯ ಪುಸ್ತಕ, ಹಳೆಯ ವಿಡಿಯೊಗಳನ್ನು ನಂಬಿದವರಿಗೆ ಗೊಂದಲವಾಗುವುದು ಈ ಕಾರಣಕ್ಕೆ.

ಹಾಗಾದರೆ ಗುರುವಾರ ಕೊಂಡು ಶುಕ್ರವಾರ ಮಾರಿದರೆ 22 ರೂಪಾಯಿ ಸುಲಭ ಲಾಭವಲ್ಲವೇ? ವಸ್ತುಸ್ಥಿತಿ ಬೇರೆ. ಕಂಪನಿಯ ಬೊಕ್ಕಸದಿಂದ ಹೊರಹೋಗಲಿರುವ ಹಣವನ್ನು ಪೇಟೆ ಅಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಕ್ಸ್ ಡೇಟ್‌ನಂದು ಷೇರಿನ ಬೆಲೆ ಹೆಚ್ಚುಕಡಿಮೆ ಲಾಭಾಂಶದಷ್ಟೇ ತಗ್ಗಿ ಆರಂಭವಾಗುವುದು ವಾಡಿಕೆ. ಇತರ ಸುದ್ದಿಗಳ ಪ್ರಭಾವದಲ್ಲಿ ಈ ಇಳಿಕೆ ಕೆಲವೊಮ್ಮೆ ಕಾಣದಿರಬಹುದು. ಒಂದು ದಿನ ತಡವಾಗಿ ಕೊಂಡವರು ಕಳೆದುಕೊಂಡಿದ್ದು ಅಷ್ಟೇನೂ ಇಲ್ಲ. ಅವಸರದಲ್ಲಿ ಕೊಂಡವರು ದಲ್ಲಾಳಿ ಶುಲ್ಕದ ಜತೆಗೆ ತೆರಿಗೆಯನ್ನೂ ತೆರಬೇಕು. 2020ರ ಏಪ್ರಿಲ್‌ನಿಂದ ಲಾಭಾಂಶದ ತೆರಿಗೆ ಕಂಪನಿಯ ಹೊಣೆಯಲ್ಲ, ಪಡೆದವರದ್ದು. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ಮೀರಿದರೆ ಶೇ 10ರಷ್ಟು ಮೂಲದಲ್ಲೇ ಕಡಿತ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 5,000 ರೂಪಾಯಿ ಇತ್ತು. ಮಿತಿಯೊಳಗಿದ್ದರೂ ಅದು ಆದಾಯವೇ ಎಂಬುದನ್ನು ಅನೇಕರು ಮರೆಯುತ್ತಾರೆ.

ಶೇಕಡಾವಾರು ಲೆಕ್ಕವೂ ಹೊಸಬರ ಕಣ್ಣು ಕುಕ್ಕುತ್ತದೆ. ಕೆನರಾ ಬ್ಯಾಂಕ್ ಅದೇ ಸಾಲಿಗೆ ಶೇ 200ರಷ್ಟು ಲಾಭಾಂಶ ಪ್ರಕಟಿಸಿತು. ಹೂಡಿದ ಹಣಕ್ಕೆ ದುಪ್ಪಟ್ಟು ಎಂದು ಭಾವಿಸಿದರೆ ತಪ್ಪು. ಶೇಕಡಾ ಲೆಕ್ಕ ನಿಂತಿರುವುದು ಮುಖಬೆಲೆಯ ಮೇಲೆ. ಬ್ಯಾಂಕಿನ ಷೇರಿನ ಮುಖಬೆಲೆ 2 ರೂಪಾಯಿ, ಕೈಗೆ ಸಿಕ್ಕಿದ್ದು ಷೇರಿಗೆ 4 ರೂಪಾಯಿ. ಪೇಟೆಯಲ್ಲಿ ಆಗ ಆ ಷೇರಿನ ಬೆಲೆ ನೂರು ರೂಪಾಯಿ ದಾಟಿತ್ತು. ಇನ್ಫೋಸಿಸ್‌ನ 22 ರೂಪಾಯಿಯನ್ನೂ ಇದೇ ರೀತಿ ಶೇ 440 ಎಂದು ಬರೆಯಬಹುದು, ಏಕೆಂದರೆ ಅದರ ಮುಖಬೆಲೆ 5 ರೂಪಾಯಿ.

ನಿಜವಾದ ನಷ್ಟ ಇರುವುದು ಬೇರೆಡೆ. ಲಾಭಾಂಶ ಘೋಷಣೆಯಾದ 30 ದಿನಗಳೊಳಗೆ ಪಾವತಿಯಾಗಬೇಕೆಂಬುದು 2013ರ ಕಂಪನಿ ಕಾಯ್ದೆಯ ನಿಯಮ. ಬ್ಯಾಂಕ್ ಖಾತೆ ಬದಲಾಗಿದ್ದರೆ, ವಿಳಾಸ ಹಳೆಯದಾಗಿದ್ದರೆ ಹಣ ಕಂಪನಿಯ ಪಾವತಿಯಾಗದ ಲಾಭಾಂಶ ಖಾತೆಯಲ್ಲೇ ಉಳಿಯುತ್ತದೆ. ಏಳು ವರ್ಷ ಯಾರೂ ಕೇಳದಿದ್ದರೆ ಅದು ಕೇಂದ್ರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ವರ್ಗವಾಗುತ್ತದೆ. ಸತತ ಏಳು ವರ್ಷ ಪಡೆಯದಿದ್ದರೆ ಷೇರುಗಳೂ ಅತ್ತಲೇ. ಹಿಂದಕ್ಕೆ ಪಡೆಯಲು ಅವಕಾಶವಿದೆಯಾದರೂ ಅರ್ಜಿ, ದಾಖಲೆಗಳ ಅಲೆದಾಟ ತಪ್ಪದು. ತಂದೆ, ತಾತಂದಿರ ಕಾಲದ ಕಾಗದದ ಷೇರುಪತ್ರ ಮನೆಯಲ್ಲಿದ್ದರೆ ಪ್ಯಾನ್, ಬ್ಯಾಂಕ್ ವಿವರಗಳನ್ನು ನೋಂದಾಯಿಸುವವರೆಗೆ 2024ರ ಏಪ್ರಿಲ್‌ನಿಂದ ಲಾಭಾಂಶವೇ ಬಿಡುಗಡೆಯಾಗುವುದಿಲ್ಲ.