ಅನ್ನಕ್ಕಿಂತ ಮೊದಲು ಅಭಯ

ಬ್ರಿಟನ್ನಿನ ಮನೆಗಳ ಹಿತ್ತಲಲ್ಲಿ ಮುಸ್ಸಂಜೆಯ ವೇಳೆಗೆ ಒಂದು ತಟ್ಟೆ ಹಾಲು ಮತ್ತು ಅದರಲ್ಲಿ ನೆನೆಸಿದ ಬ್ರೆಡ್ಡಿನ ಚೂರುಗಳನ್ನು ಇರಿಸುವ ವಾಡಿಕೆ ಹಲವು ತಲೆಮಾರುಗಳ ಕಾಲ ನಡೆದುಬಂದಿತ್ತು. ಅದು ಹೆಡ್ಜ್‌ಹಾಗ್ ಎಂಬ ಪುಟ್ಟ ನಿಶಾಚರಿ ಪ್ರಾಣಿಗಾಗಿ ಇರಿಸುತ್ತಿದ್ದ ಆತಿಥ್ಯ. ಎರಡು ಅಂಗೈಗಳಲ್ಲಿ ಹಿಡಿಸುವ ಈ ಜೀವಿ ಕನ್ನಡಿಗರು ಬಲ್ಲ ಮುಳ್ಳುಹಂದಿಯಲ್ಲ. ಮುಳ್ಳುಹಂದಿ ಇಲಿ-ಅಳಿಲುಗಳ ಬಳಗದ ದಂಶಕ. ಹೆಡ್ಜ್‌ಹಾಗ್ ಜೀರುಂಡೆ, ಹುಳು, ಕಂಬಳಿಹುಳುಗಳನ್ನು ತಿಂದು ಬದುಕುವ ಕೀಟಭಕ್ಷಕ. ಅದರ ದಕ್ಷಿಣ ಭಾರತದ ಬಂಧುವನ್ನು ತಮಿಳರು ಮುಳ್ಳೆಲಿ ಎಂದು ಕರೆಯುತ್ತಾರೆ. ಅಪಾಯ ಬಂದಾಗ ಓಡದೆ ಚೆಂಡಿನಂತೆ ಮುದುಡಿಕೊಂಡು, ತನ್ನ ಸಾವಿರಾರು ಮುಳ್ಳುಗಳನ್ನೇ ನಂಬಿ ಕುಳಿತುಬಿಡುವ ಈ ನಿರುಪದ್ರವಿ ಪ್ರಾಣಿಯ ಮೇಲೆ ಜನರಿಗೆ ಅಕ್ಕರೆ ಹುಟ್ಟಿದ್ದು ಸಹಜ.

ಆದರೆ ಆ ಹಾಲು ಅದಕ್ಕೆ ಹಿತವಾಗಿರಲಿಲ್ಲ. ಹಾಲಿನ ಲ್ಯಾಕ್ಟೋಸನ್ನು ಜೀರ್ಣಿಸಿಕೊಳ್ಳುವ ಶಕ್ತಿ ಬೆಳೆದ ಹೆಡ್ಜ್‌ಹಾಗ್‌ಗೆ ಇಲ್ಲ. ಕುಡಿದರೆ ಭೇದಿಯಾಗಿ, ದೇಹದ ನೀರು ಬತ್ತಿ, ದುರ್ಬಲವಾದ ಪ್ರಾಣಿ ಸಾಯಲೂಬಹುದು. ತಟ್ಟೆಯ ಬಳಿಗೆ ಬಂದು ಅದು ಆಸೆಯಿಂದ ಕುಡಿಯುವುದನ್ನು ಮನೆಮಂದಿ ಕಿಟಕಿಯಿಂದ ಕಂಡು ಸಂತೋಷಪಡುತ್ತಿದ್ದರು. ಅನಂತರ ಬೇಲಿಯ ಬುಡದಲ್ಲಿ ಅದು ಪಡುತ್ತಿದ್ದ ಪಾಡು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕಡಲೆಕಾಯಿ, ಸೂರ್ಯಕಾಂತಿ ಬೀಜ, ಅಂಗಡಿಯಲ್ಲಿ ಸಿಗುವ ಒಣಗಿದ ಹುಳುಗಳ ಕಥೆಯೂ ಬೇರೆಯಲ್ಲ. ಅವುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಅವನ್ನೇ ನಿತ್ಯ ತಿಂದರೆ ಮೂಳೆಗಳು ಸವೆಯುತ್ತವೆ. ಅಗಲವಾದ ತಟ್ಟೆಯಲ್ಲಿ ಶುದ್ಧ ನೀರು, ಕೊಡಲೇಬೇಕೆಂದಿದ್ದರೆ ಬೆಕ್ಕು-ನಾಯಿಗಳಿಗೆಂದು ತಯಾರಿಸಿದ ಮಾಂಸಾಹಾರ: ಬಲ್ಲವರು ಇಂದು ಹೇಳುವುದು ಇಷ್ಟೇ.

ಇಲ್ಲಿ ಜೈನ ಮನೆತನವೊಂದಕ್ಕೆ ಸಹಜವಾಗಿಯೇ ಧರ್ಮಸಂಕಟ ಎದುರಾಗುತ್ತದೆ. ಲೆಸ್ಟರ್, ಲಂಡನ್ ನಗರಗಳಲ್ಲಿ ಜೈನ ಕುಟುಂಬಗಳು ನೆಲೆಸಿವೆ. ಅವರ ಹಿತ್ತಲಿಗೂ ಈ ಅತಿಥಿ ಬರಬಹುದು. ಹಾಲು ಕೊಟ್ಟರೆ ಅದಕ್ಕೆ ಹಾನಿ. ಮಾಂಸ ಕೊಡಲು ವ್ರತ ಅಡ್ಡಬರುತ್ತದೆ. ಹಾಗಾದರೆ ಜೀವದಯೆಗೆ ಅಲ್ಲಿ ಅವಕಾಶವೇ ಇಲ್ಲವೆ? ಇದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಶ್ರಾವಕನಿಗೆ ನಾಲ್ಕು ದಾನಗಳನ್ನು ಹೇಳಲಾಗಿದೆ. ಇವುಗಳಲ್ಲಿ ಹೆಡ್ಜ್‌ಹಾಗ್‌ಗೆ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ಅಭಯದಾನ.

2022ರಲ್ಲಿ ಪ್ರಕಟವಾದ ವರದಿಯ ಪ್ರಕಾರ, 2000ದಿಂದೀಚೆಗೆ ಬ್ರಿಟನ್ನಿನ ಗ್ರಾಮೀಣ ಪ್ರದೇಶಗಳಲ್ಲಿ ಇವುಗಳ ಸಂಖ್ಯೆ ಶೇ. 30ರಿಂದ 75ರಷ್ಟು ಕುಸಿದಿದೆ. 2024ರಲ್ಲಿ ಐಯುಸಿಎನ್ ಯುರೋಪಿನ ಹೆಡ್ಜ್‌ಹಾಗನ್ನು ಅಪಾಯದ ಅಂಚಿಗೆ ಸಮೀಪಿಸಿದ ಜೀವಿಗಳ ಪಟ್ಟಿಗೆ ಸೇರಿಸಿತು. ಹೊಲಗಳ ನಡುವಿನ ಪೊದೆಬೇಲಿಗಳು ನಾಶವಾದದ್ದು, ಕೀಟನಾಶಕಗಳಿಂದ ಆಹಾರ ಇಲ್ಲವಾದದ್ದು, ರಸ್ತೆಗಳಲ್ಲಿ ವಾಹನಗಳಿಗೆ ಸಿಲುಕುವುದು, ಮನೆಮನೆಗೂ ಭದ್ರವಾದ ಬೇಲಿ ಎದ್ದು ಓಡಾಟದ ದಾರಿ ಮುಚ್ಚಿಹೋದದ್ದು ಇದಕ್ಕೆ ಕಾರಣಗಳು. ಒಂದು ರಾತ್ರಿಯಲ್ಲಿ ಒಂದೆರಡು ಕಿಲೋಮೀಟರು ಅಲೆಯುವ ಪ್ರಾಣಿಗೆ ಒಂದೇ ಮನೆಯ ತಟ್ಟೆ ಸಾಲದು. ಆದುದರಿಂದಲೇ 2011ರಲ್ಲಿ ಆರಂಭವಾದ ‘ಹೆಡ್ಜ್‌ಹಾಗ್ ಸ್ಟ್ರೀಟ್’ ಅಭಿಯಾನವು ನೆರೆಹೊರೆಯವರು ತಮ್ಮ ಬೇಲಿಗಳ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ಕಿಂಡಿ ಬಿಡಬೇಕೆಂದು ಕೇಳಿಕೊಂಡಿತು. ತೋಟದ ಮೂಲೆಯಲ್ಲಿ ತರಗೆಲೆಯ ರಾಶಿಯನ್ನು ಗುಡಿಸದೆ ಬಿಡುವುದು, ಸೌದೆರಾಶಿಗೆ ಬೆಂಕಿ ಇಡುವ ಮುನ್ನ ಅಡಿಯಲ್ಲಿ ಜೀವಿಗಳಿವೆಯೇ ಎಂದು ನೋಡುವುದು, ವಿಷದ ಗುಳಿಗೆಗಳನ್ನು ಚೆಲ್ಲದಿರುವುದು ಇವೆಲ್ಲ ಅದೇ ಸಾಲಿನ ಕೆಲಸಗಳು. ರಾತ್ರಿ ಚಲಿಸುವ ಜೀವಿಗಳಿಗೆ ಬಾಧೆಯಾಗದಂತೆ ತನ್ನ ಊಟದ ವೇಳೆಯನ್ನೇ ನಿಯಮಿಸಿಕೊಂಡ ಸಮಾಜಕ್ಕೆ ಇಂಥ ಎಚ್ಚರವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಅಜ್ಞಾನದ ಇನ್ನೊಂದು ಮುಖವನ್ನು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಯುಯಿಸ್ಟ್ ದ್ವೀಪಗಳು ಕಂಡವು. ತೋಟದ ಗೊಂಡೆಹುಳುಗಳನ್ನು ತಿನ್ನಲೆಂದು 1974ರಲ್ಲಿ ಅಲ್ಲಿಗೆ ಕೆಲವೇ ಹೆಡ್ಜ್‌ಹಾಗ್‌ಗಳನ್ನು ತಂದು ಬಿಡಲಾಯಿತು. ಅವು ಹೆಚ್ಚಿ ಹರಡಿ, ನೆಲದ ಮೇಲೆ ಗೂಡುಕಟ್ಟುವ ಟಿಟ್ಟಿಭ ಮೊದಲಾದ ಹಕ್ಕಿಗಳ ಮೊಟ್ಟೆಗಳನ್ನು ತಿನ್ನತೊಡಗಿದವು. 2003ರಲ್ಲಿ ಸರ್ಕಾರದ ನಿಸರ್ಗ ಸಂರಕ್ಷಣಾ ಸಂಸ್ಥೆಯು ಅವುಗಳನ್ನು ಹಿಡಿದು ಕೊಲ್ಲಲು ಆರಂಭಿಸಿತು. ಬೇರೆಡೆಗೆ ಸಾಗಿಸಿದರೆ ಅವು ನರಳಿ ಸಾಯುತ್ತವೆ ಎಂಬುದು ಅದರ ವಾದವಾಗಿತ್ತು. ಪ್ರಾಣಿದಯಾ ಸಂಘಟನೆಗಳು ಕೇವಲ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ಅವು ಹೆಡ್ಜ್‌ಹಾಗ್‌ಗಳನ್ನು ಜೀವಂತವಾಗಿ ಹಿಡಿದು ಮುಖ್ಯಭೂಮಿಗೆ ಒಯ್ದವು. ಹಾಗೆ ಒಯ್ದವು ಬದುಕುಳಿಯಬಲ್ಲವೆಂಬುದು ಅಧ್ಯಯನಗಳಿಂದಲೂ ತಿಳಿಯಿತು. 2007ರಲ್ಲಿ ಕೊಲ್ಲುವುದು ನಿಂತು, ಸ್ಥಳಾಂತರವೇ ಸರ್ಕಾರದ ನೀತಿಯಾಯಿತು. ಹಕ್ಕಿಗಳ ಮೊಟ್ಟೆಗೆ ಒದಗಿದ ಹಾನಿಯನ್ನು ಆ ದಯಾವಂತರು ಅಲ್ಲಗಳೆದಿದ್ದರೆ ಸರ್ಕಾರ ಅವರ ಮಾತಿಗೆ ಕಿವಿಗೊಡುತ್ತಿತ್ತೆ?

ಈ ಪ್ರಶ್ನೆಯನ್ನು ಮುಂಬಯಿಗೆ ತಂದು ಕೇಳಬೇಕಾದ ಕಾಲ ಬಂದಿದೆ. 2025ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ನಗರದ 51 ಕಬೂತರಖಾನೆಗಳ ವಿಚಾರ ಸರ್ಕಾರ, ಮಹಾನಗರ ಪಾಲಿಕೆ ಮತ್ತು ಉಚ್ಚ ನ್ಯಾಯಾಲಯದ ಮುಂದೆ ಬಂತು. ದಾದರಿನ ಕಬೂತರಖಾನೆಗೆ ಹೊದಿಸಿದ್ದ ತಾಡಪಾಲನ್ನು ಪ್ರತಿಭಟನಕಾರರು ಹರಿದುಹಾಕಿದರು. ಸರ್ವೋಚ್ಚ ನ್ಯಾಯಾಲಯ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳನ್ನು ದೀರ್ಘಕಾಲ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬರುತ್ತದೆಂಬುದು ವೈದ್ಯಶಾಸ್ತ್ರ ಬಹುಕಾಲದಿಂದ ಬಲ್ಲ ಸಂಗತಿ. ಕಬೂತರಖಾನೆಯ ಎದುರಿನ ಕಟ್ಟಡದಲ್ಲಿ ಕೆಮ್ಮುತ್ತಿರುವ ವೃದ್ಧೆಯೂ ಪಂಚೇಂದ್ರಿಯ ಜೀವಿಯೇ ಅಲ್ಲವೆ? ಹಾಗೆಯೇ, ತಲೆಮಾರುಗಳಿಂದ ಕಾಳಿಗೆ ಒಗ್ಗಿಹೋದ ಹಕ್ಕಿಗಳನ್ನು ಒಂದೇ ದಿನದಲ್ಲಿ ಉಪವಾಸ ಕೆಡಹುವುದು ಆಡಳಿತಕ್ಕೂ ಶೋಭೆ ತರುವುದಿಲ್ಲ. ವಿವಾದವನ್ನು ಮತಗಳ ಲೆಕ್ಕಕ್ಕೆ ಬಳಸಿಕೊಳ್ಳಲು ಬಂದ ರಾಜಕಾರಣಿಗಳಿಂದ ಪಾರಿವಾಳಕ್ಕಾಗಲಿ ಸಮಾಜಕ್ಕಾಗಲಿ ಹಿತವಾಗಲಾರದು.

ಪ್ರಮಾದದಿಂದಾಗುವ ಪ್ರಾಣಹಾನಿಯನ್ನೂ ಹಿಂಸೆಯೆಂದೇ ಎಣಿಸುವ ದರ್ಶನ ಜೈನರದು. ಸಮ್ಯಕ್ ಚಾರಿತ್ರಕ್ಕೆ ಮುನ್ನ ಸಮ್ಯಕ್ ಜ್ಞಾನವನ್ನು ಇರಿಸಿದ ಪರಂಪರೆಯಲ್ಲಿ ದಾನಿಯ ಸದ್ಭಾವವೊಂದೇ ದಾನವನ್ನು ಶುದ್ಧಗೊಳಿಸಲಾರದು. ಜ್ಞಾನಸಹಿತವಾದ ದಯೆಯ ಮಾದರಿ ಸಮಾಜದೊಳಗೇ ಇದೆ. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಗಾಯಗೊಂಡ ಹಕ್ಕಿಗಳಿಗೆ ದಶಕಗಳಿಂದ ಚಿಕಿತ್ಸೆ ನೀಡಿ, ಗುಣವಾದ ಮೇಲೆ ಆಕಾಶಕ್ಕೆ ಬಿಡುತ್ತಿದೆ. ಅಲ್ಲಿ ಆಹಾರದಾನಕ್ಕಿಂತ ಔಷಧದಾನ ಮತ್ತು ಅಭಯದಾನಗಳೇ ಮುಂದಾಗಿವೆ.

ಮುಂಬಯಿ, ಪುಣೆಗಳ ಟ್ರಸ್ಟುಗಳು ಕಾಳಿಗೆ ವ್ಯಯಿಸುವ ಹಣದ ಒಂದು ಪಾಲನ್ನಾದರೂ ಪಕ್ಷಿವೈದ್ಯರ ನೇಮಕಕ್ಕೆ, ಗಾಳಿಪಟದ ದಾರಕ್ಕೆ ಸಿಲುಕಿದ ಹಕ್ಕಿಗಳ ಶುಶ್ರೂಷೆಗೆ, ಬೇಸಗೆಯ ನೀರಿನ ತೊಟ್ಟಿಗಳಿಗೆ ಮೀಸಲಿಡಬಹುದು. ವಸತಿಗಳಿಂದ ದೂರವಿರುವ ಸ್ಥಳಗಳಲ್ಲಿ ಮಿತವಾದ ಆಹಾರದ ವ್ಯವಸ್ಥೆಯನ್ನು ಹಂತಹಂತವಾಗಿ ರೂಪಿಸಲು, ವೈದ್ಯರನ್ನೂ ಪಕ್ಷಿತಜ್ಞರನ್ನೂ ಜೊತೆಗಿಟ್ಟುಕೊಂಡು ಪಾಲಿಕೆಯೊಡನೆ ಮಾತುಕತೆಗೆ ಕೂರಬಹುದು. ಪರ್ಯೂಷಣದ ಉಪನ್ಯಾಸಗಳಲ್ಲಿ ಒಂದನ್ನು ಪ್ರಾಣಿಗಳ ಆಹಾರ ಮತ್ತು ಆವಾಸದ ತಿಳಿವಿಗೆ ಕೊಡಬಹುದು. ಹಾಲಿನ ತಟ್ಟೆಯನ್ನು ಒಳಗಿಟ್ಟು ಬೇಲಿಗೆ ಕಿಂಡಿ ಕೊರೆದ ಬ್ರಿಟನ್ನಿನ ಗೃಹಸ್ಥರು ತಮ್ಮ ದಯೆಯನ್ನು ತಿದ್ದಿಕೊಂಡರು. ಅದರಿಂದ ಅವರ ಅಕ್ಕರೆಗೆ ಯಾವ ಕುಂದೂ ಬರಲಿಲ್ಲ. ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದ ಸಮಾಜ ಅಷ್ಟು ಮಾಡಲು ಹಿಂಜರಿಯಬಾರದು.